ನಾಲ್ಕೇ ನಿಮಿಷ!

ಯಶವಂತಪುರ ಎಪಿಎಂಸಿ ಯಾರ್ಡು. ಈರುಳ್ಳಿ ಲಾರಿ ಪಕ್ಕ ಫಿಟ್‌ನೆಸ್ ಮ್ಯಾಗಜಿನ್ ಹಿಡಿದ ಅಳಿಯ. ಬೆನ್ನ ಮೇಲೆ 50 ಕಿಲೋ ಮೂಟೆ ಹೊತ್ತ ಮಾವ.

“ಮಾವ, ‘ನಾಲ್ಕೇ ನಿಮಿಷ, ಹೊಟ್ಟೆ ಮಾಯ!’ ತಬಾಟಾ ಅಂತ. 20 ಸೆಕೆಂಡು ಜೀವ ಹೋಗೋ ಹಾಗೆ ದಣಿಯೋದು, 10 ಸೆಕೆಂಡು ಸುಧಾರಿಸ್ಕೊಳ್ಳೋದು. ಎಂಟು ಸಲ.”

“ಯಾರ ಹೊಟ್ಟೆ ಕರಗಿತಪ್ಪ?”

“1996ರಲ್ಲಿ ಜಪಾನಿನ ಇಜುಮಿ ತಬಾಟಾ ಸೈಕಲ್ ತುಳಿಸಿ ಅಳೆದಿದ್ದು ದಮ್ಮು. ಒಳಗೆ ಸಣ್ಣಕ್ಷರದಲ್ಲಿದೆ.”

“ಮುಖಪುಟದಲ್ಲಿ?”

“ಹೊಟ್ಟೇನೇ ಇಲ್ಲದ ಹುಡುಗ.”

(ಮಾವನಿಗೂ ಹೊಟ್ಟೆಯಿಲ್ಲ. ಯಾರೂ ಫೋಟೊ ತೆಗೆದಿಲ್ಲ.)

“ಹೋದ ತಿಂಗಳು ಏನು ಬರೆದಿದ್ರು?”

“ಮರಳು ಮೂಟೆ ಹೊರೋದು.”

“ಕೂಲಿ ಎಷ್ಟು?”

“ಕೂಲಿ ಎಲ್ಲಿ ಮಾವ, ಜಿಮ್‌ಗೆ ನಾವೇ ಫೀಸು ಕಟ್ಟಬೇಕು.”

ಮಾವ ಮೂಟೆ ಇಳಿಸಿದ. “ಲಾರೀಲಿ ಇನ್ನೂ ತೊಂಬತ್ತಿದೆ. ಬಾ, ನಿನ್ನ ಹತ್ರ ಫೀಸು ತಗೊಳ್ಳಲ್ಲ.”