ಒಂದು, ಮೂರು, ಎರಡು

ಪುನರ್ವಸು ಮಳೆ ಜಡಿ ಹಿಡಿದು ಕೂತಿದ್ದ ಒಂದು ಬೆಳಿಗ್ಗೆ ನಮ್ಮ ಹಳೆಯ ಓಮ್ನಿಗೆ ಕೆಮ್ಮು ಶುರುವಾಯಿತು. ಚಾವಿ ತಿರುಗಿಸಿದರೆ ಎರಡು ಸಲ ಖೊಕ್ ಎನ್ನುತ್ತದೆ, ಮೈಯೆಲ್ಲ ನಡುಗಿಸುತ್ತದೆ, ತಣ್ಣಗಾಗುತ್ತದೆ. ಶಿರಸಿಯಿಂದ ಸಿದ್ದಾಪುರಕ್ಕೆ ಸುಮಾರು 35 ಕಿ.ಮೀ. ನಮ್ಮ ಮನೆ ನಡುದಾರಿಯ ಕಾನಸೂರಿನಿಂದ ಒಳಗೆ. ಹೀಗಾಗಿ ಎರಡೂ ಪೇಟೆಯ ಮೆಕ್ಯಾನಿಕ್ಕುಗಳು ನಮ್ಮನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಶಿರಸಿಯವನು "ನಿಮ್ಗೆ ಸಿದ್ದಾಪುರವೇ ಹತ್ರ ಅಲ್ವಾ ಹೆಗಡೇರೇ" ಎನ್ನುತ್ತಾನೆ. ಸಿದ್ದಾಪುರದವನು ಶಿರಸಿಯ ಗುಣಗಾನ ಮಾಡುತ್ತಾನೆ. ಇಬ್ಬರೂ ಒಪ್ಪುವ ಮಾತು ಒಂದೇ: "ಮಳೆ ಹೊಳವಾಗ್ಲಿ, ಬರ್ತೆ."

ಪುನರ್ವಸು ಮುಗಿದರೆ ಪುಷ್ಯ, ಪುಷ್ಯ ಮುಗಿದರೆ ಆಶ್ಲೇಷ. ಹೊಳವಾಗುವುದು ಯಾವಾಗ? ಭಾನುವಾರ ಮಂಚಿಕೇರಿಯ ಮಾವನ ಮನೆಯಲ್ಲಿ ಸತ್ಯನಾರಾಯಣ ಕಥೆ ಬೇರೆ ಇತ್ತು. ಕಾರು ಕೆಟ್ಟಿದೆ ಎಂಬ ಕಾರಣವನ್ನು ನನ್ನ ಹೆಂಡತಿ ಹಿಂದೆ ಎರಡು ಸಲ ನಂಬಿದ್ದಾಳೆ. ಮೂರನೆಯದಕ್ಕೆ ನಾನೇ ಧೈರ್ಯ ಮಾಡಲಿಲ್ಲ.

ಯಲ್ಲಾಪುರದ ಕಡೆ ಟೆಂಪೋ ಇಟ್ಟುಕೊಂಡಿರುವ ನನ್ನ ಭಾವನಿಗೆ ಇಂಜಿನ್ನಿನ ಭಾಷೆ ಬರುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು, ನೆಟ್‌ವರ್ಕ್ ಸಿಗುವ ಏಕೈಕ ಜಾಗವಾದ ಸೊಪ್ಪಿನಬೆಟ್ಟದ ಹಲಸಿನ ಮರದ ಬುಡಕ್ಕೆ ಹೋಗಿ ಫೋನ್ ಮಾಡಿದೆ. "ಪ್ಲಗ್ ಹೋಯ್ದು ಭಾವಾ. ನೀನೇ ಬದಲಾಯ್ಸು, ದೊಡ್ಡ ಕೆಲಸ ಅಲ್ಲ. ಇಂಜಿನ್ ತಣ್ಣಗಿರವು. ಮತ್ತೆ ಮೂರೂ ವಯರು ಒಟ್ಟಿಗೆ ತೆಗೆ..." ಅಲ್ಲಿಗೆ ಕಟ್ಟಾಯಿತು. ನಮ್ಮ ಭಾಷೆಯಲ್ಲಿ ಮಾಡು, ಮಾಡಬೇಡ ಎಂಬುದು ಗೊತ್ತಾಗುವುದು ಮಾತಿನ ಬಾಲದಲ್ಲಿ. ನೆಟ್‌ವರ್ಕ್ ಮೊದಲು ತಿನ್ನುವುದೂ ಬಾಲವನ್ನೇ. ನಾನು ಮನೆಗೆ ಬಂದವನು ಮೂರೂ ವಯರನ್ನು ಒಟ್ಟಿಗೆ ತೆಗೆದೆ.

ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಗಿದೆ. ಮಳೆಗಾಲದಲ್ಲಿ ಅಪ್ಪಯ್ಯ ಮುಂದಿನ ಸೀಟೇ ಬೇಕೆಂದು ಹಟ ಹಿಡಿಯುವುದು ದಾರಿ ನೋಡುವುದಕ್ಕಲ್ಲ, ಬಚ್ಚಲೊಲೆಯ ಎದುರು ಕೂತಂತೆ ಕೆಳಗಿನಿಂದ ಬೆಚ್ಚಗಾಗುತ್ತದೆ ಎಂದು. ಆ ಸೀಟನ್ನು ಎತ್ತಿ, ಪ್ಲಗ್ ಪಾನಾ ಕೂರಿಸಿ, ತೂರಿಸಿದ ಕಂಬಿಗೆ ಎರಡೂ ಕೈ ಹಾಕಿ ತಿರುಗಿಸಿದೆ. ಮೊದಲನೆಯದು ಸುಲಭಕ್ಕೆ ಬಂತು. ಎರಡನೆಯದಕ್ಕೆ ಸ್ವಲ್ಪ ಬೈಗುಳ ಬೇಕಾಯಿತು. ಮೂರನೆಯದು 'ಕಿರ್ರ್' ಎಂದು ಬಿಟ್ಟುಕೊಂಡಾಗ ಮುರಿದದ್ದು ಪ್ಲಗ್ಗೋ ನನ್ನ ಮಣಿಕಟ್ಟೋ ಎಂದು ಒಂದು ಕ್ಷಣ ಅನುಮಾನ.

ಹೆಬ್ಬೆರಳು ಗಾತ್ರದ ಈ ವಸ್ತುವಿನ ಮೇಲೆ ನನಗೆ ಗೌರವ ಬಂದದ್ದು ಅದನ್ನು ಕೈಯಲ್ಲಿ ಹಿಡಿದಾಗಲೇ. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಮರೆ, ತುದಿಯಲ್ಲಿ ಕೊಕ್ಕೆಯಂತೆ ಬಗ್ಗಿದ ಸಣ್ಣ ತಂತಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸಿ ಕಳಿಸುತ್ತದೆ. ಅದು ಕೊಕ್ಕೆಗೂ ನಡುವಿನ ಕಡ್ಡಿಗೂ ಇರುವ ಸಂದಿಯನ್ನು ಹಾರುವಾಗ ಕಿಡಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ನಮ್ಮನೆಯಲ್ಲಿ ಮಳೆಗಾಲದ ಹಸಿ ಕಟ್ಟಿಗೆಗೆ ಒಂದು ಸಲ ಬೆಂಕಿ ಹಿಡಿಸಲು ಆಯಿ ಪಡುವ ಪಾಡು ಕಂಡವನು ನಾನು. 1860ರಲ್ಲಿ ಲೆನ್ವಾರ್ ಎಂಬಾತ ಪ್ಯಾರಿಸ್ಸಿನಲ್ಲಿ ತನ್ನ ಗ್ಯಾಸ್ ಇಂಜಿನ್ನಿಗೆ ವಿದ್ಯುತ್ ಕಿಡಿಯನ್ನೇ ನೆಚ್ಚಿಕೊಂಡನಂತೆ. ಪುಣ್ಯಾತ್ಮ.

ತೆಗೆದ ಮೂರನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಕವಳದ ಬಟ್ಟಲಿನ ಮುಂದೆ ಕೂತಿದ್ದ ಅಪ್ಪಯ್ಯ ಕನ್ನಡಕ ಏರಿಸಿದರು. ಜೀವಮಾನದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ಆದರೆ ಐವತ್ತು ವರ್ಷ ಶಿರಸಿಯ ವಖಾರಿಗಳಲ್ಲಿ ಅಡಿಕೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತವರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನ ಪಾಕಕ್ಕೆ ಕತ್ತಿಯ ಅಲಗು ಅದ್ದಿ, ತಾಮ್ರದ ಬಣ್ಣ ಕೂತಿದೆಯೋ ಇಲ್ಲವೋ ನೋಡಿ, ಸುಣ್ಣ ಸಾಕೋ ಸಾಲದೋ ಹೇಳುವವರು. ಮೊದಲ ಪ್ಲಗ್ಗಿನ ತುದಿ ತಿಳಿಗಂದು. "ಇದು ಹಳೆ ಚಾಲಿ, ಒಳ್ಳೆ ಮಾಲು." ಎರಡನೆಯದು ಕಾಡಿಗೆಯಂತೆ ಒಣ ಕಪ್ಪು. "ಇದಕ್ಕೆ ಚೊಗರು ಹೆಚ್ಚಾಯ್ದು." ಮೂರನೆಯದರ ಪಿಂಗಾಣಿ ಸೀಳಿತ್ತು, ತುದಿ ಪೆಟ್ರೋಲಿನಲ್ಲಿ ಒದ್ದೆ. ಮೂಸಿ ನೋಡಿ ಮುಖ ಸಿಂಡರಿಸಿದರು: "ಇದಕ್ಕೆ ಕೊಳೆ ಬಂಜು."

ಮೂರಕ್ಕೆ ಮೂರೂ ಸರಿ. ತಿಳಿಗಂದು ಎಂದರೆ ಉರಿ ಹದವಾಗಿದೆ. ಒಣ ಕಪ್ಪು ಎಂದರೆ ಪೆಟ್ರೋಲು ಅತಿಯಾಗಿದೆ. ಒದ್ದೆ ಎಂದರೆ ಕಿಡಿಯೇ ಹುಟ್ಟಿಲ್ಲ. ಚಳಿಯೆಂದು ಚೋಕ್ ಎಳೆದಿಟ್ಟು ಮರೆಯುತ್ತಿದ್ದವನು ನಾನೇ ಆದ್ದರಿಂದ ಕಪ್ಪಿನ ವಿಷಯವನ್ನು ಹೆಚ್ಚು ಚರ್ಚಿಸಲಿಲ್ಲ.

ಬಸ್ಸು ಹತ್ತಿ ಶಿರಸಿಗೆ ಹೋದೆ. ಅಂಗಡಿಯವ "ಮೈಕೋನೇ ಕೊಡ್ಲಾ?" ಎಂದ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ಅವನ ಬಾಯಲ್ಲಿ ಅದು ಇನ್ನೂ ಮೈಕೋ. ಸೊಸೆಯನ್ನು ತವರಿನ ಹೆಸರಿನಿಂದಲೇ ಕರೆಯುವ ಅತ್ತೆಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ.

ಕೂರಿಸುವುದೇ ನಾಜೂಕಿನ ಕೆಲಸ. ಇಂಜಿನ್ನಿನ ತಲೆ ಅಲ್ಯುಮಿನಿಯಂ. ಪ್ಲಗ್ಗಿನ ಉಕ್ಕಿನ ಮರೆ ಓರೆಯಾಗಿ ಕಚ್ಚಿಕೊಂಡರೆ ಗುಂಡಿಯ ಮರೆಯೇ ಹಾಳು, ಆಮೇಲೆ ನಮ್ಮ ಖರ್ಚಿಗೆ ಲೆಕ್ಕವಿಲ್ಲ. ಔಷಧಿ ಹೊಡೆಯುವ ಪಂಪಿನ ಹಳೆ ರಬ್ಬರ್ ಪೈಪನ್ನು ಗೇಣುದ್ದ ಕೊಯ್ದು, ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿದೆ. ಸರಿಯಾಗಿ ಕೂತರೆ ಬೆಣ್ಣೆಯಂತೆ ಇಳಿಯುತ್ತದೆ. ಓರೆಯಾದರೆ ಪೈಪೇ ಜಾರುತ್ತದೆ, ಮರೆ ಉಳಿಯುತ್ತದೆ. ತಳ ಮುಟ್ಟಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಸಾಕು. ಔಷಧಿ ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗೌಡ ತಾನು ಏರಿಸಿಕೊಂಡು ಹೋಗುವ ಪೈಪಿನ ತುಂಡು ಕಾರಿಗೆ ಹೋದದ್ದನ್ನು ನೋಡಿದ, ಏನೂ ಹೇಳಲಿಲ್ಲ. ಹೇಳದಿದ್ದುದೇ ಭಯ.

ಉಳಿದದ್ದು ವಯರು. ಮೂರು ವಯರು, ಮೂರು ಪ್ಲಗ್ಗು. ಸಿಕ್ಕಿಸಲು ಆರು ದಾರಿ, ಸರಿಯಾದದ್ದು ಒಂದೇ. ಉದ್ದ ಅಳೆದು, ದೇವರನ್ನು ನೆನೆದು, ಒಂದು ದಾರಿ ಆರಿಸಿ ಚಾವಿ ತಿರುಗಿಸಿದೆ.

ಢಬ್!

ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಆಯಿ ಕೈಯ ಸೌಟಿನೊಂದಿಗೇ ಹೊರಗೆ ಬಂದಳು. ತೋಟದ ತಲೆಯಲ್ಲಿ ಸಿಂಗಾರ ಕೀಳುತ್ತ ಕೂತಿದ್ದ ಮಂಗಗಳ ಹಿಂಡು ಮರದಿಂದ ಮರಕ್ಕೆ ಹಾರಿ ಬೆಟ್ಟ ಸೇರಿತು. ಮೂರು ವರ್ಷದಿಂದ ಗರ್ನಾಲಿಗೂ ಬಗ್ಗದ ಮಂಗಗಳು. ಅಪ್ಪಯ್ಯ ಜಗಲಿಯಿಂದ ಕೂಗಿದರು: "ತಮಾ, ದಿನಾ ಬೆಳಿಗ್ಗೆ ಒಂದ್ಸಲ ಹೀಂಗೇ ಮಾಡು!"

ಮತ್ತೆ ಹಲಸಿನ ಮರ, ಮತ್ತೆ ಭಾವ. ಈ ಸಲ ಬಾಲ ಸಮೇತ ಕೇಳಿತು: "ಒಟ್ಟಿಗೆ ತೆಗೆಯಡ ಹೇಳಿ ಹೇಳಿದ್ನಲಾ ಮಾರಾಯಾ!" ಇಂಜಿನ್ನಿನ ಸರದಿ ಒಂದು, ಮೂರು, ಎರಡು; ಮೊದಲು ಹಿರಿಯಣ್ಣ, ಆಮೇಲೆ ಕಿರಿಯವ, ಕಡೆಗೆ ನಡುವಿನವ. ಬರೆದುಕೊಳ್ಳಬೇಕಾಗಲಿಲ್ಲ. ಮೂವರು ಗಂಡುಮಕ್ಕಳಲ್ಲಿ ನಾನು ನಡುವಿನವ; ಹೋಳಿಗೆಯಿಂದ ಹಿಡಿದು ಹಿಸ್ಸೆಯವರೆಗೆ ನಮ್ಮನೆಯಲ್ಲೂ ಇದೇ ಸರದಿ.

ಭಾನುವಾರ ಮಂಚಿಕೇರಿಗೆ ಹೋಗಿ ಬಂದೆವು. ಮಾವನ ಮನೆಯಲ್ಲಿ ಪ್ರಸಾದಕ್ಕಿಂತ ಮೊದಲು ಪ್ಲಗ್ಗಿನ ಕಥೆಯೇ ಹಂಚಿಕೆಯಾಗಿತ್ತು. ಢಬ್ ಎಂದದ್ದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಎಂಟು ದಿನದ ಮೇಲೆ ಆಚೆಮನೆ ಮಾವ ಹುಲ್ಲು ಹೆರೆಯುವ ಮಷಿನ್ನನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬಂದರು. "ಚಾಲೂನೇ ಆಗ್ತಿಲ್ಲೆ. ನಿಂಗೆ ಪ್ಲಗ್ ಕೆಲಸ ಬತ್ತಡ?"

"ಮೊದ್ಲು ಇತ್ಲಾಗೆ ಕೊಡು, ಬಣ್ಣ ನೋಡ್ತೆ" ಎಂದು ಅಪ್ಪಯ್ಯ ಕನ್ನಡಕ ಹುಡುಕತೊಡಗಿದರು. ನಾನು ಮಷಿನ್ನನ್ನು ತಿರುಗಿಸಿ ನೋಡಿದೆ. ಒಂದೇ ಪ್ಲಗ್ಗು, ಒಂದೇ ವಯರು. ಧೈರ್ಯವಾಗಿ ಪಾನಾ ತರಲು ಒಳಗೆ ಹೋದೆ.