ರಾಯರ ಮಾಲೀಸು ವ್ಯಾಸಂಗ

ನಮ್ಮ ಬೀದಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರೇ ಮಾಲೀಸು ಕಲಿಯುವುದೆಂದು ತೀರ್ಮಾನಿಸಿದರು. ಮನೆಯಾಕೆಗೆ ಮಂಡಿನೋವು, ಇವರಿಗೆ ಬಿಡುವು. ಆದರೆ ಕಲಿತರೆ ಅತ್ಯುತ್ತಮವಾದದ್ದನ್ನೇ ಕಲಿಯಬೇಕಲ್ಲ? ಅಲ್ಲಿಗೆ ಆಕೆಯ ಮಂಡಿ ಕಡತ ಸೇರಿತು.

ರಾಯರ ಜ್ಞಾನವೇನೂ ಸಾಮಾನ್ಯದ್ದಲ್ಲ. ಬ್ಯಾಂಕಾಕಿನ ವಾಟ್ ಫೋ ದೇವಾಲಯದ ಶಿಲಾಫಲಕಗಳಲ್ಲಿ ಮೈಯ ಎಲ್ಲೆಲ್ಲಿ ಒತ್ತಬೇಕೆಂದು ಕೊರೆದಿಟ್ಟಿದ್ದಾರೆ, 2019ರಲ್ಲಿ ಯುನೆಸ್ಕೋ ಥಾಯ್ ಮಾಲೀಸನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂದು ಹಾಲಿನ ಬೂತಿನಲ್ಲಿ ನಿಂತು ವಿವರಿಸುತ್ತಾರೆ. ಸ್ವೀಡಿಶ್ ಮಸಾಜಿನ ವರಸೆಗಳಿಗೆ ಇರುವುದು ಫ್ರೆಂಚ್ ಹೆಸರು, ಅವನ್ನು ಬಳಕೆಗೆ ತಂದವನೆನ್ನುವುದು ಡಚ್ ವೈದ್ಯ ಮೆಜ್ಗರನನ್ನು. ಹಾಗಿದ್ದಮೇಲೆ ಸ್ವೀಡನ್ನಿಗೆ ಹೋಗಿ ಪ್ರಯೋಜನವೇನು ಎಂದು ಕೇಳುತ್ತಾರೆ. (ಹೋಗಿ ಎಂದು ಯಾರೂ ಹೇಳಿರಲಿಲ್ಲ.) ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕು, ಅಜೀರ್ಣವಾದವರಿಗೆ ಅಭ್ಯಂಗ ಕೂಡದು ಎಂದು ಆಯುರ್ವೇದದ ಅಷ್ಟಾಂಗಹೃದಯ ಹೇಳುವುದೂ ಅವರಿಗೆ ಗೊತ್ತು. ಮನೆಯಾಕೆ ಎಣ್ಣೆಬಟ್ಟಲು ತಂದಾಗಲೆಲ್ಲ ಆಕೆಗೆ ಅಜೀರ್ಣವಾಗಿರಬಹುದೆಂದು ರಾಯರಿಗೆ ಅನುಮಾನ.

ನಾನೇ ಒಮ್ಮೆ ಅವರನ್ನು ಗರಡಿಮನೆಗೆ ಕರೆದೊಯ್ದೆ. ವಸ್ತಾದರು ರಾಯರ ಕೈ ತಿರುಗಿಸಿ ನೋಡಿ, "ಮೊದಲು ಉಗುರು ತೆಗೆದು ಬನ್ನಿ ಸ್ವಾಮಿ" ಎಂದರು. ಉಗುರು ತೆಗೆದದ್ದಾಯಿತು. ಪೈಲ್ವಾನನೊಬ್ಬ ಬೋರಲು ಮಲಗಿದ. ರಾಯರು ಕಾಲಿಂಗ್ ಬೆಲ್ ಒತ್ತಿದ ಹಾಗೆ ಅವನ ಬೆನ್ನು ಒತ್ತಿದರು.

"ಹೆಬ್ಬೆರಳಲ್ಲಿ ತಿವೀಬೇಡಿ, ನಾಳೆ ನಿಮ್ಮ ಬೆರಳೇ ಊದ್ಕೊಳ್ಳುತ್ತೆ. ಅಂಗೈ ಊರಿ ಮೈಭಾರ ಬಿಡಿ."

ರಾಯರು ತಕ್ಷಣ ಕೈ ತೆಗೆದು, ಕರವಸ್ತ್ರದಲ್ಲಿ ಎಣ್ಣೆ ಒರೆಸಿಕೊಂಡು, ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಪೈಲ್ವಾನ ಮಲಗಿಯೇ ಇದ್ದ.

"ಸರ್ಟಿಫಿಕೇಟು ಕೊಡ್ತೀರಾ?"

"ಇವನು ಎದ್ದು, ಮೈ ಹಗುರಾಯ್ತು ಅಂದ್ರೆ ಅದೇ ಸರ್ಟಿಫಿಕೇಟು."

'ಪ್ರಮಾಣಪತ್ರ: ಮೌಖಿಕ' ಎಂದು ಬರೆದು ರಾಯರು ಪುಸ್ತಕ ಮುಚ್ಚಿದರು.

ಓದುವುದು ದಂಡವೆಂದು ನಾನು ಹೇಳುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕದೆ ಡಾಕ್ಟರ ಬಳಿ ಕಳಿಸಬೇಕು ಎಂಬಂಥದ್ದನ್ನು ತಿಳಿದವರಿಂದಲೇ ತಿಳಿಯಬೇಕು. ಎಷ್ಟು ಒತ್ತಬೇಕೆಂಬುದು ಮಾತ್ರ ಪುಸ್ತಕಕ್ಕೆ ಸಿಗುವುದಿಲ್ಲ. ತಪ್ಪಿದಲ್ಲಿ ಗದರುವ ಗುರು ಪಕ್ಕದಲ್ಲಿರಬೇಕು, 'ಅಯ್ಯೋ' ಎನ್ನುವ ಮೈ ಕೈಕೆಳಗಿರಬೇಕು.

ರಾಯರ ಮೊಮ್ಮಗುವಿಗೆ ನೀರು ಹಾಕಲು ಬರುವ ಅಜ್ಜಿಗೆ ಇದ್ಯಾವ ತಕರಾರೂ ಇಲ್ಲ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಸವರುತ್ತಾಳೆ. "ಇದು ಯಾವ ಪದ್ಧತಿಯಮ್ಮ?" ಎಂದು ರಾಯರು ಕೇಳಿದ್ದಕ್ಕೆ, "ನಮ್ಮತ್ತೆ ಪದ್ಧತಿ" ಎಂದಳು. ಮಗುವಿನ ಸ್ನಾನ ಮುಗಿದ ಮೇಲೆ ರಾಯರ ಮನೆಯಾಕೆಯ ಮಂಡಿಗೂ ಅವಳೇ ಎಣ್ಣೆ ತಿಕ್ಕುತ್ತಾಳೆ.

ರಾಯರು ಸದ್ಯಕ್ಕೆ ಕೇರಳದ ಉಳಿಚ್ಚಿಲ್ ಮಾಲೀಸಿನ ಕುರಿತು ಓದುತ್ತಿದ್ದಾರೆ. ನಿಮ್ಮ ಮನೆಗೂ ಬಂದು "ಯಾವುದು ಬೆಸ್ಟು?" ಎಂದು ಕೇಳಿಯಾರು. ದಯವಿಟ್ಟು ಮತ್ತೊಂದು ಕೋರ್ಸಿನ ಹೆಸರು ಹೇಳಬೇಡಿ.