ಅರಾದ್‌ನಿಂದ ಬುಕಾರೆಸ್ಟ್‌ಗೆ

"ಏನ್ ಸಾರ್, ಲಕ್ಷಗಟ್ಟಲೆ ಸುರಿದು ಮೊಮ್ಮಗಳನ್ನ ಎಐ ಬ್ರಾಂಚಿಗೆ ಸೇರಿಸಿದ್ರೆ, ಅವಳು ಕೂತ್ಕೊಂಡು ರುಮೇನಿಯಾ ಮ್ಯಾಪ್ ಬರೀತಿದಾಳೆ!" ಅಂದರು ಪಕ್ಕದ ಮನೆ ರಾಯರು, ಕಾಂಪೌಂಡಿನ ಮೇಲೆ ಮೊಣಕೈ ಊರಿ. "ರೋಬೋಟ್ ಗೀಬೋಟ್ ಮಾಡ್ತಾಳೆ ಅಂದ್ಕೊಂಡಿದ್ದೆ."

ಆ ಪೇಪರ್ ಪಾಠ ಮಾಡುವವನು ನಾನು. ನಗು ತಡೆಯಲಾಗಲಿಲ್ಲ. ಸ್ಟುವರ್ಟ್ ರಸೆಲ್, ಪೀಟರ್ ನಾರ್ವಿಗ್ ಇಬ್ಬರೂ ಸೇರಿ 1995ರಲ್ಲಿ ತಂದ ಪಠ್ಯಪುಸ್ತಕ ಹಿಡಿದವರಿಗೆ ರುಮೇನಿಯಾ ತಪ್ಪಿದ್ದಲ್ಲ. ಇದೇ ನಾರ್ವಿಗ್, ಸೆಬಾಸ್ಟಿಯನ್ ಥ್ರನ್ ಜೊತೆಗೂಡಿ 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಐ ಆರಂಭಿಕ ಕೋರ್ಸನ್ನು ಇಂಟರ್‌ನೆಟ್‌ನಲ್ಲಿ ಬಿಟ್ಟಿ ಕೊಟ್ಟರು. ಹೆಸರು ಬರೆಸಿದವರು ಸುಮಾರು 1,60,000. ಕೊನೆ ಮುಟ್ಟಿದವರು 23,000ದ ಆಸುಪಾಸು.

"ಮಿಕ್ಕೋರು?"

"ಅರ್ಧ ದಾರೀಲಿ ಇಳ್ಕೊಂಡ್ರು."

ರಾಯರಿಗೆ ಆ ಮ್ಯಾಪಿನ ಕತೆ ಬೇಕಿತ್ತು, ಹೇಳಿದೆ. ಒಬ್ಬ ಪ್ರವಾಸಿ ಅರಾದ್ ಊರಲ್ಲಿದ್ದಾನೆ. ನಾಳೆ ಬುಕಾರೆಸ್ಟ್‌ನಿಂದ ವಿಮಾನ. ಟಿಕೆಟ್ ದುಡ್ಡು ವಾಪಸ್ ಬರುವಂಥದ್ದಲ್ಲ. ಸಿಬಿಯುವರೆಗೆ ಬಂದ, ರಸ್ತೆ ದೂರ 140 ಆಯಿತು. ಅಲ್ಲಿ ದಾರಿ ಕವಲೊಡೆಯುತ್ತದೆ. ಫಗರಾಷ್ ಕಡೆ ಹೋದರೆ ಅಲ್ಲಿಂದ ಬುಕಾರೆಸ್ಟ್ ನೇರ ಗೆರೆ ಎಳೆದಂತೆ 176, ರಿಮ್ನಿಕು ವಿಲ್ಚಾ ಕಡೆ ಹೋದರೆ 193. ಆತುರಗಾರ ಪ್ರೋಗ್ರಾಂ ಫಗರಾಷೇ ಹತ್ತಿರ ಅಂತ ಅತ್ತ ನುಗ್ಗುತ್ತದೆ. ಒಟ್ಟು 450 ಬೀಳುತ್ತದೆ.

1968ರಲ್ಲಿ ಪ್ರಕಟವಾದ ಎ-ಸ್ಟಾರ್ ಅನ್ನೋ ವಿಧಾನ ಮುಂದಿನದನ್ನಷ್ಟೇ ನೋಡುವುದಿಲ್ಲ, ಇಲ್ಲಿಯವರೆಗೆ ಸವೆಸಿದ್ದನ್ನೂ ಕೂಡಿಸುತ್ತದೆ. ಫಗರಾಷ್‌ಗೆ ಸವೆಸಿದ 140, ಸಿಬಿಯುವಿನಿಂದ ಅಲ್ಲಿಗೆ ರಸ್ತೆ 99, ಮುಂದಿನ ನೇರ ಗೆರೆ 176 ಸೇರಿ 415. ವಿಲ್ಚಾಗೆ 140, 80, 193 ಸೇರಿ 413. ಬರೀ ಎರಡರ ವ್ಯತ್ಯಾಸ! ಅದಕ್ಕೇ ಮೊದಲು ವಿಲ್ಚಾ ಕಡೆ ತಿರುಗುತ್ತದೆ. ಪಿಟೆಷ್ಟಿ ಮೇಲೆ ಸಾಗಿ 418ಕ್ಕೆ ಊರು ಸೇರುತ್ತದೆ. ನಡುವೆ ಫಗರಾಷ್ ದಾರಿಯನ್ನೂ ಒಮ್ಮೆ ತಡವಿ ನೋಡಿರುತ್ತದೆ, ಅದು ಬೇರೆ ಮಾತು.

"ಆ ನೇರ ಗೆರೆ ಅಂದಾಜು ತಪ್ಪಿದ್ರೆ?"

ಒಳ್ಳೇ ಪ್ರಶ್ನೆ. ನನ್ನ ಕ್ಲಾಸಿನಲ್ಲಿ ಇಷ್ಟು ಬೇಗ ಯಾರೂ ಕೇಳಿಲ್ಲ. ಅಂದಾಜು ತಪ್ಪಬಹುದು, ಆದರೆ ಕಮ್ಮಿ ಕಡೆಗೇ ತಪ್ಪಬೇಕು. ನಿಜಕ್ಕಿಂತ ಜಾಸ್ತಿ ಹೇಳಿದರೆ ಒಳ್ಳೇ ದಾರಿಯನ್ನೇ ದುಬಾರಿ ಅಂತ ಬಿಟ್ಟುಬಿಡುವ ಅಪಾಯ. ನೇರ ಗೆರೆ ಯಾವತ್ತೂ ರಸ್ತೆಗಿಂತ ಉದ್ದ ಇರೋಲ್ಲ, ಹಾಗಾಗಿ ನಿಶ್ಚಿಂತೆ.

"ನಮ್ಮನೆ ಮಹಡಿ ಕಟ್ಟಿದ ಕಂಟ್ರಾಕ್ಟರ್ ಥರ ಅನ್ನಿ. ಅವನ ಎಸ್ಟಿಮೇಟ್ ಒಂದು ದಿನಾನೂ ನಿಜವಾದ ಖರ್ಚು ದಾಟ್ಲಿಲ್ಲ."

ಈ ಉದಾಹರಣೆಯನ್ನು ನಾಳೆಯೇ ಕ್ಲಾಸಿಗೆ ಎತ್ತಿಕೊಂಡು ಹೋಗುತ್ತೇನೆ, ರಾಯರ ಹೆಸರು ಹೇಳುವುದಿಲ್ಲ.

"ಇಷ್ಟಕ್ಕೆ ಬುದ್ಧಿ ಅಂತೀರಾ ಸಾರ್? ಕೂಡೋ ಲೆಕ್ಕ ಇದು."

ಹೌದು, ಮೊದಲ ಕೋರ್ಸಿನಲ್ಲಿ ಬಹಳಷ್ಟು ಇಂಥದ್ದೇ. ಹುಡುಕು, ತೂಗು, ಬೇಡವಾದದ್ದನ್ನು ಬಿಡು. ಮಾತಾಡೋ ಯಂತ್ರ ಬರುತ್ತೆ ಅಂತ ಕಾದು ಕೂತವರಿಗೆ ಮೊದಲ ತಿಂಗಳು ಬೇಜಾರು ಹಿಡಿಯುತ್ತದೆ. ನನಗೇನೋ ಇದೇ ಭಾಗ ಇಷ್ಟ. ಬಣ್ಣ ಬಳಿಯುವ ಮೊದಲು ಇಟ್ಟಿಗೆ ಕಾಣುತ್ತದೆ.

"ಮುಂದೇನು?"

"ಎದುರಾಳಿ ಇರೋ ಆಟ. ನಾನು ಹೀಗೆ ನಡೆಸಿದ್ರೆ ಅವನು ಏನು ನಡೆಸ್ತಾನೆ, ಅವನ ಅತಿ ಒಳ್ಳೇ ನಡೆಗೂ ನಾನು ಉಳಿಯೋದು ಹೇಗೆ ಅನ್ನೋ ಲೆಕ್ಕ. ನಮ್ಮ ಆಡು-ಹುಲಿ ಆಟಕ್ಕೂ ನಡೆಯುತ್ತೆ."

ರಾಯರು ಕಾಂಪೌಂಡಿನಿಂದ ಮೊಣಕೈ ತೆಗೆದರು. "ಹಂಗಿದ್ರೆ ನಿಮ್ಮ ಕಂಪ್ಯೂಟರ್ ಭಾನುವಾರ ಇಲ್ಲಿಗೇ ತನ್ನಿ. ಹುಲಿ ನನಗಿರಲಿ."